ಎಂಜಿನ್ ನಿಂತ್ರೆ ಭಯ ಬೇಡ, ಶುರುವಾದ್ರೆ ಭಯ ಇರಲಿ

"ಮೇಲೆ ಹೋದಾಗ ಎಂಜಿನ್ ಆಫ್ ಆಗ್ಬಿಟ್ರೆ ಏನ್ರೀ ಮಾಡ್ತೀರಾ?"

ಬೆನ್ನಿಗೆ ಫ್ಯಾನ್ ಕಟ್ಟಿಕೊಂಡು ಹಾರುವವರನ್ನ ಎಲ್ಲರೂ ಕೇಳೋ ಮೊದಲ ಪ್ರಶ್ನೆ ಇದು. ಮನೆಗೆ ಬಂದ ನೆಂಟರು, ಆಫೀಸಿನ ಗೆಳೆಯರು, ಕೊನೆಗೆ ನಮ್ಮ ಬೀದಿಯ ಇಸ್ತ್ರಿಯವರೂ ಕೇಳಿದ್ದಾರೆ. ಪ್ರಶ್ನೆ ಸಹಜವೇ. ಆದ್ರೆ ಅದು ತಪ್ಪು ಪ್ರಶ್ನೆ ಅಂತ ನನ್ನ ವಾದ. ಇವತ್ತಿನ ಬರಹ ಪೂರ್ತಿ ಅದರ ಬಗ್ಗೆಯೇ. ಸ್ವಲ್ಪ ಉದ್ದ ಆಗಬಹುದು, ಕಾಫಿ ಇಟ್ಕೊಂಡು ಕೂತ್ಕೊಳ್ಳಿ :-)

ಗೊತ್ತಿಲ್ಲದವರಿಗೆ ಎರಡು ಮಾತು. ಪ್ಯಾರಾಗ್ಲೈಡಿಂಗ್ ಅಂದ್ರೆ ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಗುಡ್ಡದಿಂದ ಓಡಿ ಹಾರೋದು. ಅದಕ್ಕೇ ಬೆನ್ನ ಮೇಲೊಂದು ಎಂಜಿನ್, ಅದಕ್ಕೊಂದು ಪ್ರೊಪೆಲ್ಲರ್, ಸುತ್ತ ಬಲೆ ಕಟ್ಟಿದ ಒಂದು ದೊಡ್ಡ ಬಳೆ ಸೇರಿಸಿದ್ರೆ ಪ್ಯಾರಾಮೋಟಾರ್. ಗುಡ್ಡ ಬೇಕಿಲ್ಲ, ಬಯಲು ಸಾಕು. ಎಂಜಿನ್ನು ಬಹುತೇಕ ಟೂ-ಸ್ಟ್ರೋಕ್. ಅಂದ್ರೆ ನಮ್ಮ ಮೈಸೂರಿನ ಯೆಜ್ಡಿ, ಲೂನಾ, ಹಳೇ ಚೇತಕ್ ಇವೆಲ್ಲದರ ವಂಶದ್ದೇ. ಪೆಟ್ರೋಲ್ ಬಂಕಿನಲ್ಲಿ ಟೂ-ಟಿ ಆಯಿಲ್ ಹಾಕಿಸಿಕೊಂಡ ನೆನಪಿರೋರಿಗೆ ಅರ್ಧ ಪಾಠ ಆಗಲೇ ಬಂದಿದೆ.

ಈಗ ಆ ಪ್ರಶ್ನೆಗೆ ಉತ್ತರ. ಮೇಲೆ ಎಂಜಿನ್ ನಿಂತ್ರೆ ಏನಾಗುತ್ತೆ? ಸದ್ದು ನಿಲ್ಲುತ್ತೆ. ಅಷ್ಟೇ. ರೆಕ್ಕೆ ತಲೆ ಮೇಲೆ ಹಾಗೇ ಇರುತ್ತೆ. ಅದು ಹಾರೋದು ಗಾಳಿಯಿಂದ, ಪೆಟ್ರೋಲಿನಿಂದ ಅಲ್ಲ. 300 ಮೀಟರ್ ಎತ್ತರದಲ್ಲಿ ನಿಂತ್ರೆ, ಗಾಳಿ ಶಾಂತವಾಗಿದ್ದಾಗ, ಸುಮಾರು 2 ಕಿಲೋಮೀಟರ್ ದೂರ ತೇಲಿಕೊಂಡು ಹೋಗಿ ಇಳಿಯಬಹುದು. ಮೂರು ನಾಲ್ಕು ನಿಮಿಷ ಸಮಯ ಸಿಗುತ್ತೆ. ಕೆಳಗೆ ಬಯಲಿದ್ರೆ ಇದು ಅಪಘಾತವೇ ಅಲ್ಲ, ಮಾಮೂಲಿ ಇಳಿಯೋದು. ಕೆಳಗೆ ನೀರು, ಕಾಡು ಅಥವಾ ಕರೆಂಟಿನ ತಂತಿ ಇದ್ರೆ ಮಾತ್ರ ಕಷ್ಟ. ಆದ್ರೆ ಅವುಗಳ ಮೇಲೆ ಹೋಗಬೇಕೋ ಬೇಡವೋ ಅನ್ನೋದನ್ನ ತೀರ್ಮಾನಿಸಿದ್ದು ಎಂಜಿನ್ ಅಲ್ಲ, ನೀವು.

ಹಾಗಾದ್ರೆ ಅಪಾಯ ಎಲ್ಲಿದೆ? ನೆಲದ ಮೇಲೆ. ಎಂಜಿನ್ ಶುರು ಮಾಡೋ ಕ್ಷಣದಲ್ಲಿ.

ಇದು ನನ್ನ ಊಹೆ ಅಲ್ಲ. ಫ್ರಾಂಚೆಸ್ಕೋ ಫೆಲೆಟ್ಟಿ ಮತ್ತು ಜೆಫ್ ಗೋಯಿನ್ ಅನ್ನೋ ಇಬ್ಬರು 1995ರಿಂದ 2012ರವರೆಗೆ ವರದಿಯಾದ 384 ಪ್ಯಾರಾಮೋಟಾರ್ ಅವಘಡಗಳನ್ನ ಕೂಡಿಸಿ ನೋಡಿ, 2014ರಲ್ಲಿ ಬಿಎಂಜೆ ಓಪನ್ ಪತ್ರಿಕೆಯಲ್ಲಿ ಬರೆದ್ರು. ಎಂಜಿನ್ ಇಲ್ಲದ ಪ್ಯಾರಾಗ್ಲೈಡಿಂಗ್‌ನಲ್ಲಿ ಹೆಚ್ಚಾಗಿ ಮುರಿಯೋದು ಕಾಲು ಮತ್ತು ಬೆನ್ನು. ಯಾಕಂದ್ರೆ ಪೆಟ್ಟಾಗೋದು ಬೀಳೋವಾಗ. ಪ್ಯಾರಾಮೋಟಾರ್‌ನಲ್ಲಿ ಮೊದಲ ಸ್ಥಾನ ಕೈ ಮತ್ತು ತೋಳಿನದು! ಆಕಾಶದಲ್ಲಿ ಕೈ ಯಾಕೆ ತುಂಡಾಗುತ್ತೆ ಹೇಳಿ? ತುಂಡಾಗೋದು ನೆಲದ ಮೇಲೆ, ತಿರುಗ್ತಿರೋ ಪ್ರೊಪೆಲ್ಲರ್‌ಗೆ ಸಿಕ್ಕಿ.

ಒಂದು ಸಣ್ಣ ಲೆಕ್ಕ ನೋಡಿ. ಇಟಲಿಯ ವಿಟ್ಟೊರಾಜಿ ಕಂಪನಿಯ ಮೋಸ್ಟರ್ 185 ಅನ್ನೋದು ತುಂಬಾ ಜನ ಬಳಸೋ ಎಂಜಿನ್. 185 ಸಿಸಿ, 25 ಅಶ್ವಶಕ್ತಿ. ಪೂರ್ತಿ ಎಳೆದಾಗ ಎಂಜಿನ್ ನಿಮಿಷಕ್ಕೆ 7800 ಸುತ್ತು ತಿರುಗಿದ್ರೆ ಪ್ರೊಪೆಲ್ಲರ್ ಸುಮಾರು 2900 ಸುತ್ತು. 125 ಸೆಂಟಿಮೀಟರ್ ಅಗಲದ ಪ್ರೊಪೆಲ್ಲರ್ ಅಂತ ಇಟ್ಕೊಂಡ್ರೆ ಅದರ ತುದಿಯ ವೇಗ ಗಂಟೆಗೆ ಸುಮಾರು 680 ಕಿ.ಮೀ. ತಳ್ಳೋ ಶಕ್ತಿ ಹತ್ತಿರ ಹತ್ತಿರ ಮುಕ್ಕಾಲು ಕ್ವಿಂಟಾಲ್. ಇಷ್ಟೆಲ್ಲ ಮಾಡೋ ಎಂಜಿನ್ನಿನ ತೂಕ ಎಷ್ಟು ಗೊತ್ತಾ? 15 ಕಿಲೋ ಒಳಗೆ! ಇದನ್ನ ನೆಲದ ಮೇಲೆ ನಿಲ್ಲಿಸಿ, ಒಂದು ಕೈಯಲ್ಲಿ ಫ್ರೇಮ್ ಹಿಡಿದು, ಇನ್ನೊಂದು ಕೈಯಲ್ಲಿ ದಾರ ಎಳೆದು ಶುರು ಮಾಡ್ತಾರೆ ನಮ್ಮ ಜನ. ಥ್ರಾಟಲ್ ಕೇಬಲ್ ಎಲ್ಲೋ ಸಿಕ್ಕಿಕೊಂಡು ಎಂಜಿನ್ ಒಮ್ಮೆಲೇ ಪೂರ್ತಿ ಎದ್ದರೆ ಅದು ನಿಮ್ಮ ಮೈಮೇಲೇ ಬರುತ್ತೆ. ತಡೆಯೋಕೆ ಅಂತ ಕೈ ತಾನಾಗಿ ಮುಂದೆ ಹೋಗುತ್ತೆ. ಬಲೆ ಇದೆಯಲ್ಲ ಅಂತೀರಾ? ಆ ಬಲೆ ಇರೋದು ಹಗ್ಗಗಳು ಒಳಗೆ ಹೋಗದಿರಲಿ ಅಂತ. ಮುಕ್ಕಾಲು ಕ್ವಿಂಟಾಲ್ ಒತ್ತಡದಲ್ಲಿ ನಿಮ್ಮ ಅಂಗೈ ಮುಂದೆ ಅದು ಹಿಗ್ಗುತ್ತೆ.

ನನಗೆ ಪರಿಚಯ ಇರೋ ಒಬ್ಬರು (ಹೆಸರು ಬೇಡ) ಕಾರ್ಬುರೇಟರ್ ಸ್ಕ್ರೂ ತಿರುಗಿಸ್ತಾ ಎರಡು ಬೆರಳು ಕಳ್ಕೊಂಡ್ರು. ಹತ್ತು ವರ್ಷ ಹಾರಿದ ಮನುಷ್ಯ. ಮೇಲೆ ಒಂದು ದಿನಾನೂ ಗಾಯ ಮಾಡಿಕೊಂಡವರಲ್ಲ.

ಅದಕ್ಕೇ ನಾನು ಇಡೀ ವಿಷಯವನ್ನ ಎರಡು ವಾಕ್ಯಕ್ಕೆ ಇಳಿಸಿಕೊಂಡಿದ್ದೀನಿ. ನೆಲದ ಮೇಲಿದ್ದಾಗ ಎಂಜಿನ್ ಯಾವ ಕ್ಷಣದಲ್ಲಾದ್ರೂ ಶುರುವಾಗುತ್ತೆ ಅಂತ ನಂಬಿ. ಮೇಲಿದ್ದಾಗ ಯಾವ ಕ್ಷಣದಲ್ಲಾದ್ರೂ ನಿಂತು ಹೋಗುತ್ತೆ ಅಂತ ನಂಬಿ. ಉಳಿದ ಎಲ್ಲ ನಿಯಮಗಳೂ ಈ ಎರಡರಿಂದಲೇ ಹುಟ್ಟೋದು.

ಮೊದಲನೆಯದನ್ನ ತಗೊಳ್ಳಿ. ಕಾರಿನ ಕೀ ತಿರುಗಿಸಿದ್ರೆ ಕರೆಂಟು ಹೋಗಿ ಎಂಜಿನ್ ನಿಲ್ಲುತ್ತೆ. ಈ ಎಂಜಿನ್ನುಗಳದು ಉಲ್ಟಾ. ಕಿಡಿ ಮ್ಯಾಗ್ನೆಟೋದಿಂದ ತಾನಾಗಿ ಹುಟ್ಟುತ್ತೆ. ಆಫ್ ಬಟನ್ ಒತ್ತಿದಾಗ ಆ ಕಿಡಿ ಅರ್ಥ್ ಆಗಿ ಸಾಯುತ್ತೆ. ಅಂದ್ರೆ ಆ ಬಟನ್ನಿನ ವೈರು ತುಂಡಾದ್ರೆ ಎಂಜಿನ್ ನಿಲ್ಲೋದಲ್ಲ, ನಿಲ್ಲಿಸೋಕೇ ಆಗಲ್ಲ! ಈ ಒಂದು ವಿಷಯ ಗೊತ್ತಿಲ್ಲದೆ ಎಷ್ಟೋ ಜನ ಹಾರ್ತಿದ್ದಾರೆ. ಅದಕ್ಕೇ ಪ್ರತಿ ಸಲ ಎಂಜಿನ್ ನಿಲ್ಲಿಸೋದು ಬಟನ್ನಿಂದಲೇ ಇರಬೇಕು, ಅದು ಕೆಲಸ ಮಾಡ್ತಿದೆ ಅನ್ನೋದಕ್ಕೆ ಅದೇ ಸಾಕ್ಷಿ. ಅಕಸ್ಮಾತ್ ಕೈ ಕೊಟ್ರೆ ಏನು ಮಾಡಬೇಕು ಅನ್ನೋದೂ ಮೊದಲೇ ಗೊತ್ತಿರಬೇಕು. ಚೋಕ್ ಎಳೆಯೋದು, ಇಲ್ಲಾ ಪೆಟ್ರೋಲ್ ಪೈಪ್ ಹಿಂಡಿ ಹಿಡಿಯೋದು.

ಇದೇ ಕಾರಣಕ್ಕೆ ಪ್ರೊಪೆಲ್ಲರ್ ಮುಟ್ಟೋ ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತು ಪಕ್ಕಕ್ಕಿಡಬೇಕು. ಸೆಲ್ಫ್ ಸ್ಟಾರ್ಟ್ ಇದ್ರೆ ಬ್ಯಾಟರಿಯನ್ನೂ ಬಿಚ್ಚಬೇಕು. ಬಿಸಿ ಎಂಜಿನ್ನಿನ ಪ್ರೊಪೆಲ್ಲರನ್ನ ಸುಮ್ನೆ ಕೈಯಲ್ಲಿ ತಿರುಗಿಸಿದ್ರೂ ಒಂದು ಕಿಡಿ ಹತ್ತಿ ಒದೆಯಬಹುದು. "ಆಫ್ ಮಾಡಿದೀನಲ್ಲ" ಅನ್ನೋದು ಉತ್ತರ ಅಲ್ಲ.

ಶುರು ಮಾಡೋ ಕ್ರಮ ಇಷ್ಟೇ. ಮೊದಲು ಥ್ರಾಟಲ್ ಒತ್ತಿ ಬಿಟ್ಟು, ಕಾರ್ಬುರೇಟರ್ ಹತ್ತಿರ ಆ ಸಣ್ಣ ಸನ್ನೆ ಪೂರ್ತಿ ವಾಪಸ್ ಬಂತಾ ಅಂತ ಕಣ್ಣಲ್ಲಿ ನೋಡಿ. ಎಂಜಿನ್ ಬೆನ್ನಿಗೆ ಹಾಕ್ಕೊಂಡು, ಬೆಲ್ಟ್ ಕಟ್ಟಿ, ಥ್ರಾಟಲ್ ಕೈಯಲ್ಲಿ ಹಿಡಿದು, ಹಿಂದೆ ಮುಂದೆ ಜೋರಾಗಿ ಕೂಗಿ ಹೇಳಿ, ಆಮೇಲೆ ಶುರು ಮಾಡಿ. ಬೆನ್ನ ಮೇಲಿದ್ದಾಗ ಅದು ಎದ್ದರೂ ನಿಮ್ಮನ್ನ ಮುಂದಕ್ಕೆ ತಳ್ಳುತ್ತೆ ಹೊರತು ಕೈ ಕಡಿಯಲ್ಲ. ನೋಡೋಕೆ ಬಂದ ಜನ, ಮಕ್ಕಳು, ಬೀದಿ ನಾಯಿಗಳು ಪಕ್ಕದಲ್ಲಿ ನಿಲ್ಲಬಾರದು. ಪ್ರೊಪೆಲ್ಲರ್ ಚೂರಾದ್ರೆ ಅದು ಹಾರೋದೇ ಪಕ್ಕಕ್ಕೆ. ಕುತ್ತಿಗೆಯ ವೇಲು, ಕ್ಯಾಮೆರಾದ ದಾರ, ಮೇಲಿನ ಜೇಬಿನ ಕೀ ಗೊಂಚಲು ಎಲ್ಲ ಮನೆಯಲ್ಲೇ ಬಿಡಿ.

ಇನ್ನು ಎರಡನೇ ವಾಕ್ಯ, ಮೇಲೆ ನಿಂತು ಹೋಗೋದರ ಬಗ್ಗೆ. ನಿಂತ್ರೂ ಪರವಾಗಿಲ್ಲ ಅಂತ ಹಾರಬೇಕು, ಸರಿ. ಹಾಗಂತ ನಿಲ್ಲಿಸೋಕೆ ಬಿಡಬೇಕಾ? ಈ ಎಂಜಿನ್ನುಗಳು ಸಾಯೋದು ಹೆಚ್ಚಾಗಿ ಪೆಟ್ರೋಲ್ ಕಮ್ಮಿಯಾಗಿ, ಗಾಳಿ ಜಾಸ್ತಿಯಾಗಿ. ಟೂ-ಸ್ಟ್ರೋಕ್‌ನಲ್ಲಿ ಆಯಿಲ್‌ಗೆ ಬೇರೆ ಜಾಗ ಇಲ್ಲ, ಪೆಟ್ರೋಲ್ ಜೊತೆಗೇ ಬರಬೇಕು. ಆದ್ದರಿಂದ ಪೆಟ್ರೋಲ್ ಕಮ್ಮಿ ಹೋದ್ರೆ ಆಯಿಲ್ಲೂ ಕಮ್ಮಿ. ತಂಪಾಗಿಸೋದೂ ಕಮ್ಮಿ, ಜಾರಿಸೋದೂ ಕಮ್ಮಿ. ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತೆ. ಅದೇ ಸೀಜ್. ಲೂನಾ ಸೀಜ್ ಆದ್ರೆ ರಸ್ತೆ ಪಕ್ಕಕ್ಕೆ ತಳ್ಕೊಂಡು ಹೋಗ್ತಿದ್ವಿ, ಇಲ್ಲಿ ರಸ್ತೆಯೇ ಇಲ್ಲ :-(

ಇಲ್ಲಿ ನಮ್ಮ ಕರ್ನಾಟಕದವರು ಗಮನಿಸಲೇಬೇಕಾದ ಒಂದು ವಿಷಯ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿ ತೆಳು. ಇಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಕಾರ್ಬುರೇಟರ್ ಸರಿಯಾಗಿ ಹೊಂದಿಸಿಕೊಂಡು, ಅದೇ ಎಂಜಿನ್ನನ್ನ ವಾರಾಂತ್ಯಕ್ಕೆ ಕರಾವಳಿಗೆ ತಗೊಂಡು ಹೋಗಿ ಬೆಳಗಿನ ತಂಪಿನಲ್ಲಿ ಹಾರಿದ್ರೆ ಏನಾಗುತ್ತೆ? ಅಲ್ಲಿ ಗಾಳಿ ದಟ್ಟ, ಪೆಟ್ರೋಲ್ ಮಾತ್ರ ಇಲ್ಲಿನ ಅಳತೆಯದ್ದೇ. ಅಂದ್ರೆ ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿ, ಸೀಜ್‌ಗೆ ಆಹ್ವಾನ. ಊರು ಬದಲಾದ್ರೆ, ಕಾಲ ಬದಲಾದ್ರೆ ಮತ್ತೆ ಪರೀಕ್ಷಿಸಬೇಕು. ಮೊದಲು ಪೆಟ್ರೋಲ್ ಸ್ವಲ್ಪ ಜಾಸ್ತಿ ಹೋಗೋ ಹಾಗೆ ಬಿಟ್ಟು, ಪ್ಲಗ್ ಬಿಚ್ಚಿ ಬಣ್ಣ ನೋಡಿ. ಕಾಫಿಪುಡಿ ಬಣ್ಣ ಇದ್ರೆ ಕ್ಷೇಮ. ಬೆಳ್ಳಗಿದ್ರೆ ಪೆಟ್ರೋಲ್ ಕಮ್ಮಿ, ಅಪಾಯ. ಕಪ್ಪಗೆ ಒದ್ದೆಯಾಗಿದ್ರೆ ಜಾಸ್ತಿ, ಶಕ್ತಿ ಕಮ್ಮಿ ಸಿಗುತ್ತೆ ಅಷ್ಟೇ. ಇದನ್ನೂ ಎಂಜಿನ್ ಓಡ್ತಿರೋವಾಗ ಬಗ್ಗಿ ಸ್ಕ್ರೂ ತಿರುಗಿಸಿ ಮಾಡಬೇಡಿ. ನಿಲ್ಲಿಸಿ, ತಿರುಗಿಸಿ, ಮತ್ತೆ ಶುರು ಮಾಡಿ ನೋಡಿ. ಹತ್ತು ನಿಮಿಷ ಜಾಸ್ತಿ ಆಗುತ್ತೆ, ಆಗಲಿ.

ಇನ್ನೊಂದು ಹೊಸ ತಲೆನೋವು ಎಥನಾಲ್. 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲ್ ನಮ್ಮ ದೇಶದಲ್ಲಿ ಮೊದಲು ಬಿಡುಗಡೆಯಾಗಿದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಈಗ ಎಲ್ಲ ಕಡೆ ಅದೇ. ಕಬ್ಬು ಬೆಳೆಯೋರಿಗೆ ಒಳ್ಳೇದು, ನಾನು ಅದರ ವಿರೋಧಿ ಅಲ್ಲ. ಆದ್ರೆ ಎಥನಾಲ್ ಗಾಳಿಯಲ್ಲಿರೋ ತೇವ ಹೀರುತ್ತೆ. ನೀರು ಜಾಸ್ತಿಯಾದ್ರೆ ಅದರ ಜೊತೆ ಸೇರಿ ತಳಕ್ಕೆ ಕೂರುತ್ತೆ. ಈ ಎಂಜಿನ್ನುಗಳ ಕಾರ್ಬುರೇಟರ್ ಒಳಗೆ ತೆಳ್ಳನೆಯ ಪೊರೆ ಇರುತ್ತೆ, ಪೆಟ್ರೋಲ್ ಎಳೆಯೋದೇ ಅದು. ಎಥನಾಲ್‌ನಿಂದ ಆ ಪೊರೆ, ಪೈಪು, ವಾಷರ್ ಎಲ್ಲ ಬೇಗ ಗಟ್ಟಿಯಾಗುತ್ತೆ, ಇಲ್ಲಾ ಉಬ್ಬುತ್ತೆ. ಆದ್ದರಿಂದ ಬೆರೆಸಿದ ಪೆಟ್ರೋಲನ್ನ ತಿಂಗಳುಗಟ್ಟಲೆ ಇಡಬೇಡಿ. ಹಾರಿ ಬಂದ ಮೇಲೆ ಟ್ಯಾಂಕ್ ಖಾಲಿ ಮಾಡಿ. ಪೊರೆಯ ಕಿಟ್ ದುಬಾರಿ ಏನಲ್ಲ, ಕೆಡೋ ಮೊದಲೇ ಬದಲಾಯಿಸಿ.

ಆಯಿಲ್ ಅಳತೆ ಎಂಜಿನ್ನಿನ ಪುಸ್ತಕದಲ್ಲಿ ಬರೆದಷ್ಟೇ. 2 ಭಾಗ ಅಂತಿದ್ರೆ 10 ಲೀಟರಿಗೆ 200 ಮಿಲಿ ಲೀಟರ್. ಅಳತೆ ಪಾತ್ರೆಯಲ್ಲಿ ಅಳೀರಿ, "ಒಂದು ಅಂದಾಜು" ಅನ್ನೋದನ್ನ ಸಾರಿಗೆ ಉಪ್ಪು ಹಾಕೋವಾಗ ಇಟ್ಕೊಳ್ಳಿ. ಟ್ಯಾಂಕಿಗೆ ಗಾಳಿ ಹೋಗೋ ಸಣ್ಣ ತೂತು ತೆರೆದಿದೆಯಾ ನೋಡಿ. ಅದು ಮುಚ್ಚಿದ್ರೆ ಕೆಳಗೆ ಚೆನ್ನಾಗಿ ಓಡಿ, ಮೇಲೆ ಹೋದ ಸ್ವಲ್ಪ ಹೊತ್ತಿಗೆ ಪೆಟ್ರೋಲ್ ಬರೋದು ನಿಲ್ಲುತ್ತೆ.

ಮೂರನೇ ಶತ್ರು ನಡುಕ. ಒಂದೇ ಸಿಲಿಂಡರ್, ಹಗುರ ಫ್ರೇಮು, ನಟ್ಟು ಬೋಲ್ಟು ಸಡಿಲ ಆಗದೆ ಇನ್ನೇನು? ಸೈಲೆನ್ಸರಿನ ಸ್ಪ್ರಿಂಗು ಮುರಿಯುತ್ತೆ, ಎಂಜಿನ್ ಕೂತಿರೋ ರಬ್ಬರು ಬಿರಿಯುತ್ತೆ. ಇವು ಕೆಳಗೆ ಬಿದ್ರೆ ಹೋಗ್ಲಿ ಅನ್ನಬಹುದಿತ್ತು. ಇವುಗಳ ಹಿಂದೆಯೇ ಪ್ರೊಪೆಲ್ಲರ್ ಇರೋದರಿಂದ ಬಿದ್ದದ್ದೆಲ್ಲ ಅದರ ಬಾಯಿಗೇ ಹೋಗುತ್ತೆ. ಇದಕ್ಕೆ ಇರೋ ಉಪಾಯ ಐದು ರೂಪಾಯಿಯ ಕೆಲಸ. ಬೋಲ್ಟ್ ಬಿಗಿ ಮಾಡಿದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ನೇಲ್ ಪಾಲಿಷ್‌ನಲ್ಲಿ ಒಂದು ಗೆರೆ ಎಳೀರಿ. ಗೆರೆ ತುಂಡಾಗಿದ್ರೆ ಬೋಲ್ಟ್ ತಿರುಗಿದೆ ಅಂತ ಅರ್ಥ. (ಮನೆಯವರ ನೇಲ್ ಪಾಲಿಷ್ ಕೇಳಿ ತಗೊಳ್ಳಿ. ಅನುಮತಿ ಇಲ್ಲದೆ ತಗೊಂಡ್ರೆ ಆಗೋ ಅಪಾಯದ ಬಗ್ಗೆ ಬೇರೆ ಬರಹ ಬೇಕು :-)) ಸ್ಪ್ರಿಂಗುಗಳನ್ನ ತಂತಿಯಿಂದ ಕಟ್ಟಿ, ಮುರಿದ್ರೂ ಬೀಳಬಾರದು. ಮರದ ಪ್ರೊಪೆಲ್ಲರ್ ಇರೋರಿಗೆ ಇನ್ನೊಂದು ಮಾತು. ಮರ ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ಮಲೆನಾಡಿನ ಮನೆ ಬಾಗಿಲು ಮಳೆಗಾಲದಲ್ಲಿ ಹಾಕೋಕೆ ಆಗದೆ ಒದ್ದಾಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಕುಗ್ಗಿದಾಗ ಬೋಲ್ಟು ಸಡಿಲ. ಟಾರ್ಕ್ ರೆಂಚ್ ಹಿಡಿದು ಪುಸ್ತಕದ ಅಳತೆಗೆ ಮತ್ತೆ ಬಿಗಿ ಮಾಡಬೇಕು. ಜಾಸ್ತಿ ಬಿಗಿ ಮಾಡಿದ್ರೂ ಮರ ಒಡೆಯುತ್ತೆ.

ಇಷ್ಟೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ನಮ್ಮ ಅಕ್ಕನ ಮಗ ಒಂದು ಸೆಕೆಂಡ್ ಹ್ಯಾಂಡ್ ಪ್ಯಾರಾಮೋಟಾರ್ ನೋಡಿ ಇಟ್ಟಿದ್ದಾನೆ. "ಮಾಮ, ಎಲ್ಲ ಯೂಟ್ಯೂಬಲ್ಲಿ ಇದೆ, ಕ್ಲಾಸೆಲ್ಲ ಯಾಕೆ ದಂಡ" ಅಂದ. ಇತ್ತ ಅಕ್ಕ ಫೋನ್ ಮಾಡಿ "ನೀನೇ ಹಾರ್ತೀಯ, ಅವನಿಗೆ ಬೇಡ ಅಂತ ಹೇಗೋ ಹೇಳ್ತೀಯ" ಅಂತ ಅಳ್ತಾಳೆ. ನಾನು ಬೇಡ ಅನ್ನಲಿಲ್ಲ. "ಆ ಎಂಜಿನ್ ಎಷ್ಟು ಗಂಟೆ ಓಡಿದೆ, ಕೇಳ್ಕೊಂಡು ಬಾ" ಅಂದೆ. ಮಾರೋ ಮನುಷ್ಯ "ಜಾಸ್ತಿ ಓಡಿಲ್ಲ" ಅಂದನಂತೆ. ಎಷ್ಟು ಅಂತ ಬರೆದಿಟ್ಟಿಲ್ಲ. ಪಿಸ್ಟನ್ ಯಾವಾಗ ಬದಲಾಯಿಸಿದ್ದು? ಬರೆದಿಟ್ಟಿಲ್ಲ. ಪ್ರೊಪೆಲ್ಲರ್ ಎಲ್ಲಾದ್ರೂ ತಗುಲಿತ್ತಾ? "ಇಲ್ಲ ಸಾರ್, ಚೆನ್ನಾಗಿದೆ."

ನನ್ನ ಮುಖ್ಯ ಅಭಿಪ್ರಾಯ ಇಲ್ಲಿದೆ. ಎಂಜಿನ್ನಿಗಿಂತ ಮುಖ್ಯವಾದದ್ದು ಅದರ ಜೊತೆ ಬರೋ ನೋಟ್ ಪುಸ್ತಕ. ಪ್ರತಿ ಸಲದ ತಾರೀಕು, ಓಡಿದ ಗಂಟೆ, ಆಯಿಲ್ ಅಳತೆ, ಪ್ಲಗ್ಗಿನ ಬಣ್ಣ, ಯಾವ ಬೋಲ್ಟ್ ಮುಟ್ಟಿದ್ದು. ಪ್ಲಗ್ ವೈರಿಗೆ ಸುತ್ತಿಡೋ ಸಣ್ಣ ಗಂಟೆ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತೆ. ಪುಸ್ತಕ ಇಲ್ಲದ ಎಂಜಿನ್ ಅಂದ್ರೆ ಜಾತಕ ಇಲ್ಲದ ಗಂಡು ಅಂತ ತಮಾಷೆ ಮಾಡ್ತೀನಿ. ಆದ್ರೆ ಜಾತಕ ಸುಳ್ಳಾಗಬಹುದು, ಗಂಟೆ ಲೆಕ್ಕ ಸುಳ್ಳಾಗಲ್ಲ.

"ಸರ್ಕಾರ ನಿಯಮ ಮಾಡಿದ್ರೆ ಸರಿ ಹೋಗುತ್ತೆ" ಅಂತ ಕೆಲವರು ಅಂತಾರೆ. ನಿಯಮ ಬೇಕು, ಇಲ್ಲ ಅನ್ನಲ್ಲ. 2022ರ ರಾಷ್ಟ್ರೀಯ ವಾಯು ಕ್ರೀಡಾ ನೀತಿಯಲ್ಲಿ ಪ್ಯಾರಾಮೋಟಾರ್ ಹೆಸರೂ ಸೇರಿದೆ. ಇದಕ್ಕೆ ಉಲ್ಟಾ ಅಮೆರಿಕದಲ್ಲಿ 1982ರಿಂದಲೂ 254 ಪೌಂಡಿಗಿಂತ ಹಗುರವಾದ, ಒಬ್ಬರೇ ಕೂರೋ ಇಂಥ ಯಂತ್ರಗಳಿಗೆ ಪೈಲಟ್ ಲೈಸೆನ್ಸೇ ಬೇಕಿಲ್ಲ. ಎರಡು ಕಡೆಯೂ ಒಂದು ಮಾತು ನಿಜ. ಯಾವ ಕಾಗದವೂ ಬೋಲ್ಟ್ ಬಿಗಿ ಮಾಡಲ್ಲ. ಬೆಳಗಿನ ಆರು ಗಂಟೆಗೆ ಬಯಲಲ್ಲಿ ಯಾವ ಅಧಿಕಾರಿಯೂ ಇರಲ್ಲ, ನೀವು ಮತ್ತು ನಿಮ್ಮ ಸ್ಪ್ಯಾನರ್ ಅಷ್ಟೇ.

ಇನ್ನು ಕೆಲವರು "ಇಷ್ಟು ಹೆದರಿಸಿದ್ರೆ ಯಾರ್ರೀ ಹಾರ್ತಾರೆ?" ಅಂತಾರೆ. ಹೆದರಿಸೋದು ನನ್ನ ಉದ್ದೇಶ ಅಲ್ಲ. ಜೋಳದ ಹೊಲದ ಮೇಲೆ ಬೆಳಗಿನ ಬಿಸಿಲು ಬೀಳೋದನ್ನ ಇನ್ನೂರು ಅಡಿ ಮೇಲಿಂದ ನೋಡೋ ಸುಖ ಬೇರೆ ಯಾವುದರಲ್ಲೂ ಇಲ್ಲ. ಆ ಸುಖಕ್ಕೆ ಬೆಲೆ ಅಂತ ಮನೆಯಲ್ಲಿ ಒಂದು ಗಂಟೆ ಕೂತು ಎಂಜಿನ್ ನೋಡೋದು ಜಾಸ್ತಿ ಅಂತ ನನಗನ್ನಿಸಲ್ಲ. ಮತ್ತೆ ಆ ಕೆಲಸ ಮನೆಯಲ್ಲೇ ಆಗಲಿ. ಹಾರೋ ಜಾಗದಲ್ಲಿ ಗಾಳಿ ಚೆನ್ನಾಗಿದೆ, ಗೆಳೆಯರು ಆಗಲೇ ಮೇಲಿದ್ದಾರೆ, ಬಿಸಿಲು ಏರ್ತಿದೆ ಅನ್ನೋ ಅವಸರದಲ್ಲಿ ಬಿಚ್ಚಿದ ಬೋಲ್ಟನ್ನ ಯಾರೂ ಸರಿಯಾಗಿ ಹಾಕಲ್ಲ. ಬಯಲಲ್ಲಿ ಏನಾದ್ರೂ ಬಿಚ್ಚಬೇಕಾಗಿ ಬಂದ್ರೆ ಆ ದಿನ ಹಾರಾಟ ಇಲ್ಲ ಅಂದ್ಕೊಳ್ಳಿ. ಇದು ನಾನು ನನಗೆ ಹಾಕಿಕೊಂಡಿರೋ ನಿಯಮ, ಬೈಗುಳ ತಿಂದಿದ್ದೀನಿ, ಮುರಿದಿಲ್ಲ.

ನೀವು ಹಾರೋರಲ್ಲದೇ ಇರಬಹುದು. ಆದ್ರೆ ರಜೆಗೆ ಗೋವಾಕ್ಕೋ ನಮ್ಮ ಕರಾವಳಿಗೋ ಹೋದಾಗ ಕಡಲ ದಂಡೆಯಲ್ಲಿ "ಸಾರ್, ಪ್ಯಾರಾಮೋಟಾರ್ ರೌಂಡ್" ಅಂತ ಯಾರಾದ್ರೂ ಕರೆದ್ರೆ? 2020ರ ಅಕ್ಟೋಬರ್ 2ರಂದು ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಪ್ಯಾರಾಮೋಟಾರ್ ಸಮುದ್ರಕ್ಕೆ ಬಿದ್ದು ನೌಕಾಪಡೆಯ ಹಿರಿಯ ಅಧಿಕಾರಿಯೊಬ್ಬರು ತೀರಿಕೊಂಡ್ರು. ಅದರ ಕಾರಣದ ತೀರ್ಪು ಹೇಳೋಕೆ ನಾನು ಯಾರೂ ಅಲ್ಲ. ಆದ್ರೆ ಬೆಲ್ಟ್ ಕಟ್ಟಿಕೊಂಡು, ಭಾರದ ಎಂಜಿನ್ ಸಮೇತ ನೀರಿಗೆ ಬೀಳೋದು ಈ ಆಟದ ಅತಿ ಕೆಟ್ಟ ಗತಿ ಅನ್ನೋದು ಹಾರೋರಿಗೆಲ್ಲ ಗೊತ್ತು. ನೀರಿಗೆ ಬಿದ್ರೆ ತಾನಾಗಿ ಉಬ್ಬಿ ತೇಲಿಸೋ ಚೀಲಗಳು ಸಿಗ್ತವೆ, ಎಂಜಿನ್ ಫ್ರೇಮಿಗೇ ಕಟ್ಟೋದು. ಅದಿದೆಯಾ ಅಂತ ಕೇಳಿ. ಲೈಫ್ ಜಾಕೆಟ್ ಇದೆಯಾ ಕೇಳಿ. ದಡದಿಂದ ಎಷ್ಟು ದೂರ ಹೋಗ್ತೀರಿ, ಎಂಜಿನ್ ನಿಂತ್ರೆ ಮರಳಿಗೆ ವಾಪಸ್ ಬರೋಕೆ ಆಗುತ್ತಾ ಕೇಳಿ. ಕೊನೆಗೆ, "ಎಂಜಿನ್ನಿನ ಪುಸ್ತಕ ಸ್ವಲ್ಪ ತೋರಿಸ್ತೀರಾ?" ಅಂತ ಕೇಳಿ. ತೋರಿಸಿದ್ರೆ ಯೋಚನೆ ಮಾಡಿ. ನಕ್ಕರೆ, ಎದುರಿಗಿರೋ ಗೂಡಂಗಡಿಯಲ್ಲಿ ಎಳನೀರು ಕುಡಿದು ವಾಪಸ್ ಬನ್ನಿ. ಅದೂ ಒಳ್ಳೇ ಸುಖವೇ.

ಅಕ್ಕನ ಮಗ ಸದ್ಯಕ್ಕೆ ನನ್ನ ಮೇಲೆ ಮುನಿಸಿಕೊಂಡಿದ್ದಾನೆ. ಆ ಎಂಜಿನ್ ಬಿಟ್ಟಿದ್ದಾನೋ ಇಲ್ಲವೋ ಗೊತ್ತಿಲ್ಲ. ಬೇರೆ ಒಂದು ನೋಡಿ, ಅದರ ಜೊತೆ ಪುಸ್ತಕ ಇದ್ರೆ, ಮೊದಲು ಸರಿಯಾದ ಗುರುಗಳ ಹತ್ತಿರ ಕಲಿತು ಬಂದ್ರೆ, ಟಾರ್ಕ್ ರೆಂಚ್ ನನ್ನ ಕಡೆಯಿಂದ ಉಡುಗೊರೆ ಅಂತ ಹೇಳಿ ಕಳಿಸಿದ್ದೀನಿ. ಅವನ ಹತ್ತು ಬೆರಳೂ ಹಾಗೇ ಇರಲಿ ಅನ್ನೋದಷ್ಟೇ ನನ್ನ ಆಸೆ.

ನಿಮ್ಮಲ್ಲಿ ಟೂ-ಸ್ಟ್ರೋಕ್ ಬಿಚ್ಚಿ ಜೋಡಿಸಿದ ಹಳಬರು ಇದ್ದೇ ಇರ್ತೀರಿ. ನಾನು ಬಿಟ್ಟಿರೋದು ಏನಾದ್ರೂ ಇದ್ರೆ ಹೇಳಿ, ಕಲೀತೀನಿ. ಏನಂತೀರಿ?